ಎಡಗಡೆಯ ಗುಂಡಿ

“ಏನೋ ಅಂದ್ಯಲ್ಲ?” ಎಂದು ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಾಗ ಅವಳು ಲೋಟ ತೊಳೆಯುತ್ತಿದ್ದಳು. ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅವಳು ಏನೋ ಅಂದಿದ್ದಳು. ಏನೋ ಏನು ಬಂತು, “ಸಾಕಾಗಿಹೋಗಿದೆ ನನಗೆ” ಎಂದು ಒಂದಕ್ಷರವನ್ನೂ ನುಂಗದೆ ನಲ್ಲಿಯ ಮುಂದೆ ಹೇಳಿಕೊಂಡಿದ್ದಳು. ಅಮ್ಮನ ಕಿವಿ ಮಂದವಾದ ಮೇಲೆ ಈ ಮನೆಯಲ್ಲಿ ಮಾತು ಎರಡು ಬಗೆಯದಾಗಿತ್ತು. ಒಂದು, ಕತ್ತಿನ ನರ ಉಬ್ಬಿಸಿಕೊಂಡು ಕೂಗಿ ಹೇಳುವುದು: ಮಾತ್ರೆ ತಗೊಂಡ್ಯಾ, ಬಾಗಿಲು ಹಾಕ್ಕೋ, ನೀರು ಬಿಸಿಯಿದೆ. ಇನ್ನೊಂದು, ಬೆನ್ನು ತಿರುಗಿಸಿ ಮಾಮೂಲಿ ದನಿಯಲ್ಲೇ ಅಂದುಕೊಂಡು ಹಗುರಾಗುವುದು. ಕಿವಿಗೆ ಸಿಕ್ಕಿಸುವ ಮಿಷನ್ನು ತಂದುಕೊಟ್ಟಿದ್ದರೂ ಅಮ್ಮ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ, ಪಾತ್ರೆಗಳೆಲ್ಲ ತಲೆಯೊಳಗೇ ಬಿದ್ದ ಹಾಗಾಗುತ್ತದೆ ಎನ್ನುತ್ತಿದ್ದಳು. ಹಾಕಿಕೋ ಎಂದು ಒತ್ತಾಯ ಮಾಡುವುದನ್ನು ಮಗಳೂ ಬಿಟ್ಟಿದ್ದಳು, ಯಾಕೆ ಬಿಟ್ಟೆ ಎಂದು ತನ್ನನ್ನು ಕೇಳಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ. “ಏನಿಲ್ಲಮ್ಮ. ನಾನೇನೂ ಅನ್ನಲಿಲ್ಲ,” ಎಂದು ಈಗ ಕೂಗಿದಳು. ಅಮ್ಮ ತಲೆಯಾಡಿಸಿದಳು. “ನನ್ನ ಕಿವಿಗೇನು ಬಿಡು, ಇಲ್ಲದ್ದೆಲ್ಲ ಕೇಳಿಸುತ್ತೆ,” ಎಂದು ತನ್ನ ಕಿವಿಯನ್ನೇ ಬೈದುಕೊಂಡು ಒಳಗೆ ಹೋದಳು. ಹೋದ ವಾರದವರೆಗೆ ಈ ಮಾತು ಅವಳ ಮೈಗೆ ತಾಗುತ್ತಿರಲಿಲ್ಲ. ಇವತ್ತು ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು. ನಲ್ಲಿಯ ನೀರು ಸುಮ್ಮನೆ ಹರಿದುಹೋಗುತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು, ನಿಂತುಕೊಂಡಿದ್ದರೆ ಕಂಬ ಹಿಡಿಯುವುದರಲ್ಲಿ, ಕಾಲು ತುಳಿಸಿಕೊಳ್ಳುವುದರಲ್ಲಿ ದಾರಿ ಸಾಗುತ್ತಿತ್ತು. ಇವತ್ತು ಕನ್ನಡಕದವನ ದಿನ. ಅವನು ಬಾರದಿರಲಿ ಎಂದು ಬೆಳಿಗ್ಗೆ ಎದ್ದಾಗಿನಿಂದ ಹಾರೈಸುತ್ತಿದ್ದಳು, ಹಾರೈಸಿದ ಪ್ರತಿ ಸಲವೂ ತನ್ನ ಬಗ್ಗೆ ಹೇಸಿಗೆಯಾಗುತ್ತಿತ್ತು. ಮೂಗಿನ ಮೇಲಿಂದ ಕನ್ನಡಕ ಜಾರಿತು, ಮೇಲೆ ತಳ್ಳಿದಳು, ಮತ್ತೆ ಜಾರಿತು. ಅವನು ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವನು. ಅವಳ ಹತ್ತಿರ ಚಿಕಿತ್ಸೆಗೆ ಬರತೊಡಗಿದ ಹೊಸದರಲ್ಲಿ ಒಂದು ದಿನ, ತನ್ನ ತಲೆಯೊಳಗಿನ ಮುದುಕ ಏನೇನೆಲ್ಲ ಬೈಯುತ್ತಾನೆ ಎಂದು ಹೇಳುತ್ತಾ ಹೇಳುತ್ತಾ ಮಾತು ನಿಲ್ಲಿಸಿ, “ಮೇಡಂ, ನಿಮ್ಮ ಎಡಗಡೆ ಸ್ಕ್ರೂ ಸಡಿಲ ಆಗಿದೆ,” ಅಂದಿದ್ದ. ಅವಳು ಗಾಬರಿಯಿಂದ ನೋಡಿದಾಗ, “ಕನ್ನಡಕದ್ದು,” ಎಂದು ನಾಚಿಕೊಂಡು ಸೇರಿಸಿದ್ದ. ಇಬ್ಬರೂ ನಕ್ಕಿದ್ದರು. ಅವನು ಜೇಬಿನಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದು ಬಿಗಿಮಾಡಿ, ಗಾಜನ್ನು ತನ್ನ ಅಂಗಿಯ ಅಂಚಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಿದ್ದ. ಆ ನಗುವಿನ ಮೇಲೆಯೇ ಅವನು ಅವಳನ್ನು ನಂಬಿದ್ದು ಅನ್ನಿಸುತ್ತದೆ. ಆ ಸ್ಕ್ರೂ ಮತ್ತೆ ಸಡಿಲವಾಗಿದೆ, ಈ ಸಲ ಅವನ ಕೈಗೆ ಹೇಗೆ ಕೊಡುವುದು ಎಂದು ಯೋಚಿಸುತ್ತಾ ಅವಳು ಇಳಿಯಬೇಕಾದ ನಿಲ್ದಾಣವನ್ನು ದಾಟಿಹೋದಳು.

ವಾಪಸು ನಡೆದು ಬರುವಾಗ ಚಪ್ಪಲಿಯ ಪಟ್ಟಿ ಕಚ್ಚತೊಡಗಿತು. ಕಚ್ಚಲಿ ಎಂದುಕೊಂಡಳು. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಈ ಹೊಸ ಚಿಕಿತ್ಸೆಗೆಂದು ಅಕ್ಕಪಕ್ಕದ ಎರಡು ಕೋಣೆ ಬಿಟ್ಟುಕೊಟ್ಟಿದ್ದರು. ತಲೆಯೊಳಗೆ ದನಿ ಕೇಳಿಸುವವರಿಂದ ಮೊದಲು ಆ ದನಿಗೊಂದು ಮುಖ ಕೊಡಿಸುವುದು: ಕಂಪ್ಯೂಟರಿನಲ್ಲಿ ಕಣ್ಣು, ಮೂಗು, ಗಲ್ಲ ಆರಿಸಿ ಜೋಡಿಸಿ, ಹೌದು, ನನ್ನನ್ನು ಕಾಡುವವನು ಇವನೇ ಎಂದು ಅವರು ಒಪ್ಪುವವರೆಗೆ ತಿದ್ದುವುದು. ಆಮೇಲೆ ಅವರು ಒಂದು ಕೋಣೆಯಲ್ಲಿ ಆ ಮುಖದ ಎದುರು ಕೂರುತ್ತಾರೆ, ಅವಳು ಇನ್ನೊಂದರಲ್ಲಿ, ನಡುವೆ ಗಾಜಿನ ಕಿಟಕಿ. ಅವಳ ಮೇಜಿನ ಮೇಲೆ ಮೈಕು, ಎರಡು ಗುಂಡಿ. ಎಡಗಡೆಯದನ್ನು ಒತ್ತಿ ಮಾತಾಡಿದರೆ ಅವಳ ದನಿ ಅವಳದಾಗಿಯೇ ಹೋಗುತ್ತದೆ: ಹೆದರಬೇಡಿ, ನಾನಿದ್ದೀನಿ, ಅವನಿಗೆ ಎದುರು ಹೇಳಿ. ಬಲಗಡೆಯದನ್ನು ಒತ್ತಿದರೆ ಅವಳ ಮಾತೇ ಒರಟು ಗಂಟಲಿನದಾಗಿ ತೆರೆಯ ಮೇಲಿನ ಮುಖದ ಬಾಯಿಂದ ಹೊರಡುತ್ತದೆ. ಮೊದಮೊದಲು ಆ ಮುಖ ಅವರಿಗೆ ನಿಜವಾಗಿ ಕೇಳಿಸುವ ಬೈಗುಳವನ್ನೇ ಬೈಯಬೇಕು; ಅವರು ಎದುರು ನಿಂತ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ಮೆತ್ತಗಾಗಬೇಕು; ಕೊನೆಗೊಂದು ದಿನ, ಆಯ್ತಪ್ಪ, ನಿನ್ನ ಸುದ್ದಿಗೆ ಬರಲ್ಲ, ಅನ್ನಬೇಕು. ಎಲ್ಲರಿಗೂ ಫಲ ಕೊಡುತ್ತದೆಂದು ಯಾರೂ ಹೇಳಿರಲಿಲ್ಲ, ಕೆಲವರಿಗಂತೂ ಕೊಡುತ್ತಿತ್ತು. ಮೊದಲ ಸಲ ಬಲಗಡೆಯ ಗುಂಡಿ ಒತ್ತಿ ಬೈದಾಗ ಅವಳಿಗೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸಿತ್ತು. ಬರಬರುತ್ತಾ ಸಲೀಸಾಯಿತು. “ನಮ್ಮ ಮೇಡಂ ಬೈಯೋಕೆ ನಿಂತ್ರೆ ನನಗೇ ಅಳು ಬರುತ್ತೆ,” ಎಂದು ದೊಡ್ಡ ಡಾಕ್ಟರು ನಾಲ್ಕು ಜನರ ಮುಂದೆ ತಮಾಷೆ ಮಾಡಿದ್ದರು. ಆಗ ಅವಳು ಹಿಗ್ಗಿದ್ದಳು, ಅದೂ ಈಗ ನೆನಪಾಯಿತು.

ಕನ್ನಡಕದವನು ತನ್ನ ಮುದುಕನಿಗೆ ಯಜಮಾನ ಎಂದು ಹೆಸರಿಟ್ಟಿದ್ದ. ಯಜಮಾನ ಬೈಯುವುದೆಲ್ಲ ಅಕ್ಕನ ವಿಷಯಕ್ಕೆ. ತಂದೆ ತಾಯಿ ಇಲ್ಲದ ಮನೆ. ಅಕ್ಕ ಬೇಕರಿಯೊಂದರಲ್ಲಿ ಕೆಲಸ ಮಾಡಿಕೊಂಡು, ಮದುವೆಗಿದುವೆ ಎನ್ನದೆ, ತಮ್ಮನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು. ‘ನೀನಿಲ್ಲದಿದ್ರೆ ನಿನ್ನ ಅಕ್ಕ ನೆಮ್ಮದಿಯಾಗಿರ್ತಿದ್ಲು’ ಎಂಬುದು ಯಜಮಾನನ ಮುದ್ದಿನ ಮಾತು. ಊಟಕ್ಕೆ ಕುಳಿತಾಗ, ಗಾಜು ಉಜ್ಜುವಾಗ, ಸ್ನಾನಕ್ಕೆ ಹೋದಾಗ, ಹೊತ್ತುಗೊತ್ತಿಲ್ಲದೆ ಇದೊಂದೇ. ಎಷ್ಟೋ ಸಲ ಇದು ಹೊರಗಿನವರು ಅಂದದ್ದೋ ಒಳಗಿನವನು ಅಂದದ್ದೋ ತಿಳಿಯದೆ ಅವನು ಅಂಗಡಿಗೆ ಬಂದವರ ಮುಖ ನೋಡುತ್ತಾ ನಿಂತುಬಿಡುತ್ತಿದ್ದ. ಅದಕ್ಕೆ ಅವಳು ಒಂದು ದಾರಿ ಹೇಳಿಕೊಟ್ಟಿದ್ದಳು. “ಅನುಮಾನ ಬಂದಾಗ ಕೇಳಿಬಿಡಿ. ಅಕ್ಕನನ್ನ ಕೇಳಿ. ಇಲ್ಲಿದ್ದಾಗ ನನ್ನನ್ನ ಕೇಳಿ. ನಾನು ನಿಮಗೆ ಸುಳ್ಳು ಹೇಳಲ್ಲ.” ಎಷ್ಟು ಸುಲಭವಾಗಿ ಹೇಳಿಬಿಟ್ಟಿದ್ದಳು, ಮಳೆ ಬಂದರೆ ಕೊಡೆ ಹಿಡಿಯಿರಿ ಅಂದ ಹಾಗೆ. ಅವನು ಮಾತ್ರ ಅದನ್ನು ಗಂಟುಹಾಕಿಕೊಂಡ. ಈಗ ಹೊರಗೆ ಯಾರಾದರೂ ಕೆಮ್ಮಿದರಾ? ಕೆಮ್ಮಿದರು. ಈಗ ಕುರ್ಚಿ ಎಳೆದ ಸದ್ದಾಯಿತಾ? ಇಲ್ಲ, ಆಗಲಿಲ್ಲ. ಹೀಗೆ ಕೇಳಿ ಕೇಳಿ, ಎಡವುತ್ತಾ ಎಡವುತ್ತಾ, ಅವನು ತನ್ನ ಕಿವಿಯನ್ನು ನಂಬಿ ತಾನೇ ಕಾಲೂರಿ ನಿಲ್ಲುತ್ತಿದ್ದ. ಮುಖಕ್ಕೆ ಕಳೆ ಬಂದಿತ್ತು. ಅವನ ಅಕ್ಕ ಒಂದು ದಿನ ಮೊಗಸಾಲೆಯಲ್ಲಿ ಅವಳ ಕೈ ಹಿಡಿದುಕೊಂಡು, ಏನೂ ಹೇಳಲಾಗದೆ, ಕೈ ಬಿಟ್ಟು ಹೋಗಿದ್ದಳು.

ಹೋದ ವಾರ ಅವನು ಯಜಮಾನನಿಗೆ ತಿರುಗಿ ಹೇಳುತ್ತಿದ್ದ, ದನಿ ನಡುಗದೆ. ಅವಳು ಎಡಗಡೆಯ ಗುಂಡಿ ಒತ್ತಿ, “ಚೆನ್ನಾಗಿ ಹೇಳಿದ್ರಿ, ಹಾಗೇ ಮುಂದುವರಿಸಿ,” ಅಂದಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲು ಗುರ್ರೆಂದಿತು, ಅಮ್ಮ. ಗ್ಯಾಸು ಹತ್ತುತ್ತಿಲ್ಲ ಎಂದೋ, ಬಾಗಿಲು ಯಾರೋ ಬಡಿದರು ಎಂದೋ, ಇನ್ನೇನಿರುತ್ತದೆ. ಇತ್ತ ಕಡೆಯಿಂದ ತಾನು ಕೂಗಿದರೂ ಕೇಳಿಸದವಳಿಗೆ ಫೋನು ಮಾಡುವ ಚಟ ಮಾತ್ರ ಹೋಗಿಲ್ಲ ಎಂದು ಸಿಡುಕುತ್ತಾ ಮೊಬೈಲನ್ನು ಮಗುಚಿ ಹಾಕಿದಳು. ಆ ಸಿಡುಕಿನಲ್ಲಿಯೇ, ಬೆರಳು ಎಡಗಡೆಯಲ್ಲೇ ಇರುವುದನ್ನು ಮರೆತು, ಯಜಮಾನ ಆಡಬೇಕಾದ ಮಾತನ್ನು ಆಡಿಬಿಟ್ಟಳು. “ನೀನಿಲ್ಲದಿದ್ರೆ ನಿನ್ನ ಅಕ್ಕ ನೆಮ್ಮದಿಯಾಗಿರ್ತಿದ್ಲು.” ತೆರೆಯ ಮೇಲಿನ ಮುದುಕನ ಬಾಯಿ ಅಲುಗಲಿಲ್ಲ. ಅವನ ಕೋಣೆಯಲ್ಲಿ ಹರಿದದ್ದು ಅವಳ ದನಿ, ಹೆದರಬೇಡಿ ನಾನಿದ್ದೀನಿ ಎನ್ನುವ ಅದೇ ದನಿ. ಕಿಟಕಿಯ ಗಾಜಿನಾಚೆ ಅವನು ತಲೆಯೆತ್ತಿದ. ಎಡಗಡೆ ನೋಡಿದ, ಬಲಗಡೆ ನೋಡಿದ, ಆಮೇಲೆ ಗಾಜಿನ ಮೂಲಕ ಅವಳನ್ನು ನೋಡಿದ.

“ಮೇಡಂ, ನೀವು ಏನೋ ಅಂದ್ರಾ?”

“ಏನಿಲ್ಲ. ನಾನೇನೂ ಅನ್ನಲಿಲ್ಲ,” ಅಂದಳು.

ಅದನ್ನು ಅವಳು ಯೋಚಿಸಿ ಹೇಳಿರಲಿಲ್ಲ, ಇದೊಂದನ್ನು ಅವಳು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲಳು. ನಲ್ಲಿಯ ಮುಂದೆ, ಬಟ್ಟೆ ಒಣಹಾಕುವಾಗ, ಅಮ್ಮನ ಹಾಸಿಗೆ ಬದಲಿಸುವಾಗ ವರ್ಷಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿದ್ದ ಮಾತು ತಾನಾಗಿ ಉದುರಿತ್ತು. ಆದರೆ ಆಣೆ ಮಾಡಿ ಹೇಳಬಹುದಾದದ್ದು ಅಲ್ಲಿಗೆ ಮುಗಿಯಿತು. ಅವನ ಮುಖ ನಿಧಾನವಾಗಿ ಬಾಡಿದ್ದನ್ನು ನೋಡುತ್ತಾ ಅವಳು ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಇದು ನಾಲಿಗೆಯ ತಪ್ಪಲ್ಲ. ಪ್ರತಿ ಸಲದ ಮಾತುಕತೆಯನ್ನು ರೆಕಾರ್ಡು ಮಾಡಿ, ಮನೆಯಲ್ಲಿ ಯಜಮಾನ ಕಾಡಿದರೆ ಕೇಳಿಸಿಕೊಳ್ಳಲಿ ಎಂದು ಅವನಿಗೇ ಕೊಟ್ಟುಕಳಿಸುವುದು ಕ್ರಮ. ಅವತ್ತು, “ಮಿಷನ್ನು ಕೈಕೊಟ್ಟಿದೆ, ರೆಕಾರ್ಡ್ ಆಗಿಲ್ಲ,” ಎಂದಳು, ಅವನು ಹೋದ ಮೇಲೆ ಅದನ್ನು ಅಳಿಸಿಹಾಕಿದಳು. ಇದು ಅಮ್ಮ ಕಲಿಸಿದ ಚಟವೂ ಅಲ್ಲ. ಮಾರನೆಯ ದಿನ ದೊಡ್ಡ ಡಾಕ್ಟರ ಹತ್ತಿರ ಹೋಗಿ ಗುಂಡಿ ತಪ್ಪಿದ್ದನ್ನು ಹೇಳಿದಳು. ಅವರು ಚಹಾ ಕುಡಿಯುತ್ತಾ, “ಅಯ್ಯೋ, ನನಗೂ ಎಷ್ಟು ಸಲ ತಪ್ಪಿದೆ. ಕೂಡ್ಲೇ ಹೇಳಿಬಿಟ್ರಿ ತಾನೇ, ತಪ್ಪಾಯ್ತು ಅಂತ?” ಎಂದು ಕೇಳಿದರು. ಅವಳು ಹೂಂ ಎಂದಳು. ಒಂದು ಸುಳ್ಳನ್ನು ಒಪ್ಪಿಕೊಳ್ಳಲು ಹೋಗಿ ಇನ್ನೊಂದನ್ನು ಸೇರಿಸಿಕೊಂಡು ಬಂದಳು.

ಇವತ್ತು ಅವಳು ಮೆಟ್ಟಿಲು ಹತ್ತಿ ಬಂದಾಗ ಅಕ್ಕ ತಮ್ಮ ಇಬ್ಬರೂ ಆಗಲೇ ಬೆಂಚಿನ ಮೇಲೆ ಕುಳಿತಿದ್ದರು. ಅಕ್ಕನ ತೋಳಿನ ಮೇಲೆ ಹಿಟ್ಟಿನ ಬಿಳಿ ಹಾಗೆಯೇ ಇತ್ತು, ಕೆಲಸದ ನಡುವೆ ಎದ್ದುಬಂದವಳಂತೆ. ಅವನು ಗಡ್ಡ ಮಾಡಿಕೊಂಡಿರಲಿಲ್ಲ. ಅವಳನ್ನು ಕಂಡೊಡನೆ ಎದ್ದುನಿಂತ, ನಮಸ್ಕಾರ ಹೇಳಿದ, ಮುಖ ಮಾತ್ರ ನೋಡಲಿಲ್ಲ. “ಅಂಗಡಿಗೇ ಹೋಗ್ತಿಲ್ಲ ಮೇಡಂ,” ಎಂದು ಅಕ್ಕ ದನಿ ತಗ್ಗಿಸಿದಳು. “ಬಂದೋರು ಒಂದು ಮಾತಾಡಿದ್ರೆ ಮೂರು ಸಲ ಕೇಳ್ತಾನಂತೆ, ನೀವೇ ಹೇಳಿದ್ದಾ ನೀವೇ ಹೇಳಿದ್ದಾ ಅಂತ. ಮಾಲೀಕರು ಸ್ವಲ್ಪ ದಿನ ಮನೇಲಿರು ಅಂದ್ರು. ನನ್ನನ್ನೂ ಕೇಳೋದು ಬಿಟ್ಟಿದಾನೆ. ಇವತ್ತು ಬರೋದೇ ಇಲ್ಲ ಅಂತಿದ್ದ. ಕೊನೇ ಸಲ ಹೋಗಿ ಹೇಳಿಬರೋಣ ಅಂತ ಒಪ್ಪಿಸಿದೀನಿ.” ಏನಾಯಿತೋ ಚೆನ್ನಾಗಿದ್ದವನಿಗೆ ಎಂದು ಅಕ್ಕ ತನಗೆ ತಾನೇ ಅಂದುಕೊಂಡಂತೆ ಕೇಳಿದಳು, ಆದರೆ ಕಣ್ಣು ಮೇಡಂ ಮೇಲಿತ್ತು. ಮೇಡಂ ಬೀಗದ ಕೈ ಹುಡುಕುವ ನೆಪದಲ್ಲಿ ಚೀಲದೊಳಗೆ ಮುಖ ಹಾಕಿದಳು.

ಒಳಗೆ ಕುಳಿತ ಮೇಲೆ ಅವನು ಬಹಳ ಹೊತ್ತು ಬೆರಳಿನ ಉಗುರು ನೋಡಿಕೊಂಡ. ಗಾಜಿನ ಪುಡಿ ಹೊಕ್ಕು ಹೊಕ್ಕು ಅವನ ಬೆರಳ ತುದಿ ಯಾವಾಗಲೂ ಒರಟಾಗಿರುತ್ತಿತ್ತು, ಈ ವಾರ ಕೆಲಸವಿಲ್ಲದೆ ಸ್ವಚ್ಛವಾಗಿತ್ತು. ಆ ಸ್ವಚ್ಛ ಬೆರಳುಗಳನ್ನು ಅವಳಿಂದ ನೋಡಲಾಗಲಿಲ್ಲ.

“ಬೇಜಾರು ಮಾಡ್ಕೋಬಾರ್ದು ಮೇಡಂ,” ಎಂದ ಕೊನೆಗೆ. “ಹೊಸದೊಂದು ಸೇರ್ಕೊಂಡಿದೆ.”

“ಹೊಸದು ಅಂದ್ರೆ?”

“ದನಿ. ಹೋದ ವಾರ ಇಲ್ಲೇ ಶುರುವಾಯ್ತು. ಯಜಮಾನ ಹೇಳೋದನ್ನೇ ಹೇಳುತ್ತೆ. ಆದ್ರೆ ಅದು...” ಅವನ ಕಿವಿ ಕೆಂಪಾಯಿತು. “ನಿಮ್ಮ ದನಿ ಮೇಡಂ. ನೀವು ನನಗೆ ಇಷ್ಟು ಮಾಡಿದೀರಿ. ನನ್ನ ತಲೆ ನೋಡಿ, ನಿಮ್ಮನ್ನೂ ಬಿಡ್ಲಿಲ್ಲ. ನಾಚಿಕೆ ಆಗುತ್ತೆ ನನಗೆ.”

ಅವನು ಕ್ಷಮೆ ಕೇಳುತ್ತಿದ್ದಾನೆ ಎಂಬುದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಈಗಲೇ, ಇಲ್ಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಬಾಯಿಯಿಂದ ಬಂದದ್ದು, “ಪರವಾಗಿಲ್ಲ, ನಾನೇನೂ ಅಂದ್ಕೊಳ್ಳಲ್ಲ,” ಎಂಬ ಮಾತು. ಇಷ್ಟು ದೊಡ್ಡ ಮನಸ್ಸಿನವಳು ಇನ್ನೊಬ್ಬಳಿಲ್ಲ ಎನ್ನುವ ಹಾಗೆ ಅವನು ಅವಳ ಕಡೆ ನೋಡಿದ. ಹೇಗಿದೆ ನೋಡು ನಿನ್ನ ಬಾಳು ಎಂದು ತನಗೇ ಹೇಳಿಕೊಂಡಳು, ತುಟಿ ಅಲುಗಿಸದೆ. ಕೆಲಸ ಹೋಗಬಹುದೆಂಬ ಹೆದರಿಕೆಯಾ? ಅದೂ ಇತ್ತು. ಆದರೆ ಅದಕ್ಕಿಂತ ಕೀಳಾದದ್ದೊಂದು ಇತ್ತು: ಅವನ ಆ ನೋಟ ಕಳೆದುಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಮನೆಯಲ್ಲಿ ಯಾರೂ ಅವಳನ್ನು ಹಾಗೆ ನೋಡುತ್ತಿರಲಿಲ್ಲ.

“ಒಂದು ಕೇಳ್ಲಾ?” ಎಂದ. “ಯಜಮಾನನಿಗೆ ಮುಖ ಮಾಡಿದ ಹಾಗೆ ಇದಕ್ಕೂ ಒಂದು ಮಾಡೋಣ. ಎದುರು ಕೂರಿಸಿ ಒಂದು ಸಲ ಮಾತಾಡ್ಬೇಕು ನಾನು. ಅದಾಗದಿದ್ರೆ ಹಳೇ ಮಾತ್ರೆ ನುಂಗ್ಕೊಂಡು ಮಲಗ್ತೀನಿ. ಯಾವುದು ನಿಜ ಅಂತ ಕೇಳೋ ಉಸಾಬರಿನೇ ಬೇಡ.”

ಹಾಗಾಗಿ ಅವಳು ಕಂಪ್ಯೂಟರಿನ ಮುಂದೆ ಅವನ ಪಕ್ಕದಲ್ಲಿ ಕುಳಿತು ತನ್ನ ಮುಖವನ್ನೇ ಕಟ್ಟತೊಡಗಿದಳು. ಹೆಂಗಸರ ಮುಖದ ಚೌಕಟ್ಟುಗಳು ಅದರಲ್ಲಿ ಹೆಚ್ಚಿರಲಿಲ್ಲ, ಜನರನ್ನು ಬೈಯುವ ದನಿಗಳು ಬಹುಪಾಲು ಗಂಡಸರವೇ ಇರಬೇಕು ಎಂದುಕೊಂಡು ಮಾಡಿದವರು ಮಾಡಿದ್ದರು. ಅವನು ಅಂಗಡಿಯಲ್ಲಿ ಚೌಕಟ್ಟು ಆರಿಸುವ ಗಿರಾಕಿಗೆ ನೆರವಾಗುವವನಂತೆ ತಾಳ್ಮೆಯಿಂದ ಹೇಳುತ್ತಿದ್ದ. ಹಣೆ ಇಷ್ಟು ಅಗಲ ಬೇಡ. ಮೂಗು ಸರಿ. ತುಟಿ ಇನ್ನೂ ತೆಳು, ಬಿಗಿ ಹಿಡಿದುಕೊಂಡ ಹಾಗೆ. ತಾನು ತುಟಿ ಬಿಗಿ ಹಿಡಿಯುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ಅಭ್ಯಾಸಬಲದಿಂದ ಅವಳು ಆ ಮುಖಕ್ಕೆ ಕನ್ನಡಕ ಹಾಕಲು ಹೋದಾಗ ಅವನು ತಡೆದ. “ಬೇಡ. ಕನ್ನಡಕ ನಿಮ್ಮದು. ಅದಕ್ಕೆ ಇಲ್ಲ.” ಕನ್ನಡಕವಿಲ್ಲದ ಮುಖ ತೆರೆಯ ಮೇಲಿಂದ ಅವಳನ್ನು ನೋಡಿತು. ರಾತ್ರಿ ಮಲಗುವ ಮುಂಚೆ, ಮುಖ ತೊಳೆದು, ಕನ್ನಡಿಯಲ್ಲಿ ಮಸುಕು ಮಸುಕಾಗಿ ಕಾಣುವವಳು ಇವಳೇ. ಅಮ್ಮ ಇಲ್ಲದಿದ್ದರೆ ಎಂದು ಒಂದು ಸಲ, ಒಂದೇ ಒಂದು ಸಲವೇನಲ್ಲ, ಆ ಕನ್ನಡಿಯ ಮುಂದೆ ನಿಂತು ಲೆಕ್ಕ ಹಾಕಿದ್ದಳು: ಈ ಮನೆ ಖಾಲಿ ಮಾಡಬಹುದು, ಬೇರೆ ಊರಿನಲ್ಲಿ ಕೆಲಸ ನೋಡಬಹುದು, ಪಿಸುಗುಡದೆ ಬದುಕಬಹುದು. ಹೋದ ವಾರ ಆ ಮಾತು ಅಷ್ಟು ನಯವಾಗಿ, ಬರೆದುಕೊಟ್ಟದ್ದನ್ನು ಓದಿದ ಹಾಗಲ್ಲದೆ ಹೊಟ್ಟೆಯೊಳಗಿಂದ ಬಂದ ಹಾಗೆ ಬಂದಿತ್ತಲ್ಲ, ಅದು ಯಜಮಾನನಿಂದ ಕಲಿತದ್ದಲ್ಲ. “ಇದೇ,” ಎಂದ ಅವನು. “ಇವಳೇ.”

ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಜಿನಾಚೆ ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ, ಅವಳು ಕಲಿಸಿದ ಹಾಗೆಯೇ, ಎರಡೂ ಪಾದ ನೆಲಕ್ಕೂರಿ. ಈ ಸಲ ದನಿ ಬದಲಿಸುವ ಅಗತ್ಯವಿರಲಿಲ್ಲ; ಬಲಗಡೆಯ ಗುಂಡಿ ಒತ್ತಿದರೂ ಅವಳದೇ ದನಿ ಹೋಗುವ ಹಾಗೆ ತಿರುಗಿಸಿಟ್ಟಿದ್ದಳು, ವ್ಯತ್ಯಾಸವೆಂದರೆ ಆಗ ಆ ಮುಖದ ತುಟಿ ಅಲುಗುತ್ತದೆ, ಅಷ್ಟೆ. ಮೊದಲು ಆ ಮುಖ ಬೈಯಬೇಕು, ಅದು ಕ್ರಮ. ಅವಳಿಗೆ ಆಗಲಿಲ್ಲ. ಅವನೇ ಶುರುಮಾಡಿದ.

“ಹೋದ ವಾರ ಅಕ್ಕನ ವಿಷಯ ಅಂದಿದ್ದು ನೀನೇನಾ?”

ಬಲಗಡೆಯ ಗುಂಡಿ ತಣ್ಣಗಿತ್ತು. “ಹೌದು,” ಅಂದಳು. ತೆರೆಯ ಮೇಲೆ ತೆಳು ತುಟಿ ಅಲುಗಿತು. “ನಾನೇ ಅಂದಿದ್ದು.”

ಹೇಳಿಬಿಟ್ಟೆ ಎಂದು ಅವಳಿಗೆ ಒಂದು ಗಳಿಗೆ ನಿಜವಾಗಿಯೂ ಸಮಾಧಾನವಾಯಿತು. ಮುಖವಾಡದ ಹಿಂದೆ ನಿಂತಾದರೂ ಸರಿ, ಸತ್ಯ ಸತ್ಯವೇ ಅಲ್ಲವೇ. ಆದರೆ ಅವನು ಗೆದ್ದವನಂತೆ ತಲೆಯಾಡಿಸಿದ.

“ನೀನು ಹೀಗೇ ಹೇಳ್ತೀಯ ಅಂತ ನನಗೆ ಗೊತ್ತಿತ್ತು,” ಎಂದ. “ನೀನು ಮೇಡಂ ದನಿ ಕದ್ದಿದೀಯ. ಮೇಡಂ ನನ್ನನ್ನ ಯಾವತ್ತೂ ನೀನು ಅಂದಿಲ್ಲ, ನೀವು ಅಂತಾರೆ. ನಾನು ಅವತ್ತೇ ಕೇಳಿದೆ, ನೀವು ಅಂದ್ರಾ ಅಂತ. ಅನ್ನಲಿಲ್ಲ ಅಂದ್ರು. ಅವರು ಸುಳ್ಳು ಹೇಳಲ್ಲ. ನೀನೇ ಸುಳ್ಳು. ನಿನ್ನನ್ನ ಇನ್ಮೇಲೆ ನಂಬಲ್ಲ, ಹೋಗು.”

ದನಿ ನಡುಗಲಿಲ್ಲ. ಇಷ್ಟು ದಿನದಲ್ಲಿ ಅವನು ಇಷ್ಟು ಚೆನ್ನಾಗಿ ಎಂದೂ ಎದುರು ನಿಂತಿರಲಿಲ್ಲ. ದೊಡ್ಡ ಡಾಕ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಈಗ ಅವಳು ಮಾಡಬೇಕಾದದ್ದು ಬಹಳ ಸುಲಭದ್ದು: ಬಲಗಡೆಯ ಗುಂಡಿ ಒತ್ತಿ, ಆಯ್ತು, ನಾನು ಹೋಗ್ತೀನಿ, ಅಂದುಬಿಟ್ಟರೆ ಮುಗಿಯಿತು. ಅವನು ನಾಳೆ ಅಂಗಡಿಗೆ ಹೋಗುತ್ತಾನೆ, ಬೆರಳು ಮತ್ತೆ ಒರಟಾಗುತ್ತದೆ, ಅಕ್ಕ ಇನ್ನೊಮ್ಮೆ ಮೊಗಸಾಲೆಯಲ್ಲಿ ಕೈ ಹಿಡಿದುಕೊಳ್ಳುತ್ತಾಳೆ. ಯಾರಿಗೆ ಏನು ನಷ್ಟ? ಅವನ ಒಳ್ಳೆಯದಕ್ಕೇ ಅಲ್ಲವೇ ಎಂದು ತಲೆಯೊಳಗೆ ಒಂದು ದನಿ ಹೇಳಿತು, ಅದು ಅವಳದೇ, ಯಂತ್ರ ಗಿಂತ್ರ ಬೇಕಾಗಿರಲಿಲ್ಲ. ಆದರೆ ಗಾಜಿನಾಚೆ ಅವನು ಗೆದ್ದ ಖುಷಿಯಲ್ಲಿ, ಕಿವಿಗೆ ತಟ್ಟಿದ ನೊಣ ಓಡಿಸುವವನಂತೆ, ತನ್ನ ಬಲಗಿವಿಯನ್ನು ಅಂಗೈಯಿಂದ ಒರೆಸಿಕೊಂಡ. ನನ್ನ ಕಿವಿಗೇನು ಬಿಡು, ಇಲ್ಲದ್ದೆಲ್ಲ ಕೇಳಿಸುತ್ತೆ, ಎಂದಿದ್ದಳು ಅಮ್ಮ. ಇವನ ಕಿವಿಯೂ ಸರಿಯಾಗಿ ಕೇಳಿಸಿಕೊಂಡಿತ್ತು. ಸರಿಯಾಗಿ ಕೇಳಿಸಿಕೊಂಡ ಒಂದು ಕಿವಿಗೆ, ನೀನು ಸುಳ್ಳು ಎಂದು ಅವನಿಂದಲೇ ಹೇಳಿಸಿ ತಾನು ಬೆನ್ನು ತಟ್ಟಿಸಿಕೊಳ್ಳಲು ಹೊರಟಿದ್ದಳು. ಬೆರಳು ಎಡಗಡೆಯ ಗುಂಡಿಗೆ ಹೋಯಿತು. ಅಲ್ಲಿಂದ ಹೇಳಿದರೂ ಅದು ಪೆಟ್ಟಿಗೆಯಿಂದ ಬಂದ ಮಾತೇ. ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಿ ನಿಲ್ಲಿಸಲಿಲ್ಲ.

ಬಾಗಿಲು ತೆರೆದು ಬಂದವಳನ್ನು ಕಂಡು ಅವನು ನಗುತ್ತಾ, “ಹೇಗೆ ಹೇಳಿದೆ ಮೇಡಂ?” ಎಂದ.

“ಅದನ್ನ ನಾನೇ ಅಂದಿದ್ದು,” ಎಂದಳು. ಮಾತು ಸ್ಪಷ್ಟವಾಗಿಯೇ ಬಂತು. “ಹೋದ ವಾರ ನಿಮಗೆ ಕೇಳಿಸಿದ್ದು ನಿಜ. ನಾನು ತಪ್ಪು ಗುಂಡಿ ಒತ್ತಿದೆ. ನೀವು ಕೇಳಿದಾಗ ಅನ್ನಲಿಲ್ಲ ಅಂತ ಸುಳ್ಳು ಹೇಳಿದೆ. ರೆಕಾರ್ಡ್ ಆಗಿತ್ತು, ಅದನ್ನ ಅಳಿಸಿದೆ. ನಿಮ್ಮ ಕಿವಿ ಸರಿಯಾಗಿತ್ತು.”

ನಗು ಅವನ ಮುಖದ ಮೇಲೆ ಹಾಗೆಯೇ ಉಳಿದು, ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮಾಯವಾಯಿತು. ಅವನು ತೆರೆಯ ಮೇಲಿನ ಮುಖವನ್ನು ನೋಡಿದ. ಅದರ ತುಟಿ ಮುಚ್ಚಿತ್ತು. ಅವಳ ತುಟಿಯನ್ನು ನೋಡಿದ. ಮತ್ತೆ ಅದನ್ನು, ಮತ್ತೆ ಇವಳನ್ನು. ಕೇಳಿ, ಏನು ಬೇಕಾದರೂ ಕೇಳಿ, ಬೈಯಿರಿ ಎಂದು ಅವಳು ಕಾಯುತ್ತಿದ್ದಳು. ಅವನು ಅವಳನ್ನು ಏನೂ ಕೇಳಲಿಲ್ಲ. ಅನುಮಾನ ಬಂದಾಗ ಇಲ್ಲಿದ್ದರೆ ನನ್ನನ್ನು ಕೇಳಿ ಎಂದು ಅವಳು ಹೇಳಿಕೊಟ್ಟಿದ್ದ ಆ ದಾರಿಯಲ್ಲಿ ಅವಳು ಈಗ ಇರಲಿಲ್ಲ. ಅವನು ಅವಳ ಪಕ್ಕದಿಂದ, ಮೈ ತಾಗದ ಹಾಗೆ ಬಾಗಿಲಿಗೆ ಹೋಗಿ, “ಅಕ್ಕಾ, ಬಾ ಇಲ್ಲಿ,” ಎಂದು ಕರೆದ.

ಅಕ್ಕ ಚೀಲ ಎದೆಗೆ ಅವುಚಿಕೊಂಡು ಓಡಿಬಂದಳು. “ಏನಾಯ್ತೋ?”

“ಇವರು ಈಗ ಏನೋ ಹೇಳಿದ್ರು. ನನಗೆ ಕೇಳಿಸಿದ್ದು ಸರಿಯಾ ಅಂತ ಗೊತ್ತಾಗ್ಬೇಕು. ನೀನು ಕೇಳಿಸ್ಕೊಂಡು ನನಗೆ ಹೇಳು.”

ಅಕ್ಕ ಅವಳ ಕಡೆ ತಿರುಗಿದಳು. ಅವನೂ ನೋಡುತ್ತಿದ್ದ, ಅವಳನ್ನಲ್ಲ, ಅಕ್ಕನ ಮುಖವನ್ನು. ತಮ್ಮನ ಮುಂದೆ ಒಪ್ಪಿಕೊಂಡದ್ದು ಕಷ್ಟವಾಗಿರಲಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಎಲ್ಲವನ್ನೂ ಮತ್ತೆ ಹೇಳಿದಳು, ಗುಂಡಿ ಎಂದರೇನು ಎಂಬುದನ್ನೂ ಬಿಡಿಸಿ ಹೇಳಿದಳು, ಅಳಿಸಿಹಾಕಿದ್ದನ್ನೂ ಹೇಳಿದಳು. ಏನೆಂದು ಅಂದೆ ಎಂಬುದನ್ನು ಮಾತ್ರ, “ನಿಮ್ಮ ವಿಷಯಕ್ಕೆ ಒಂದು ಮಾತು,” ಎಂದು ತೇಲಿಸಿಬಿಟ್ಟಳು. ಅಕ್ಕ ಬೈಯಲಿಲ್ಲ. ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡು, “ಹೂಂ ಕಣೋ,” ಎಂದಳು ತಮ್ಮನಿಗೆ. “ಹೇಳಿದ್ರು. ಅವರೇ ಅಂದಿದ್ದಂತೆ. ನಿನಗೆ ಸರಿಯಾಗೇ ಕೇಳಿಸಿದೆ.”

“ಏನಂತ ಅಂದಿದ್ದು?”

“ಅದೆಲ್ಲ ಯಾಕೋ ಈಗ.”

“ಅವರು ತೇಲಿಸಿದ್ರು. ನಾನು ನಿನಗೆ ಯಾವತ್ತೂ ಹೇಳಿಲ್ಲ. ಅವರನ್ನ ಕೇಳಿ ಹೇಳು ಅಕ್ಕ. ಪೂರ್ತಿ.”

ಹೀಗೆ ಅವಳು ಆ ಮಾತನ್ನು ಮೂರನೆಯವಳ ಎದುರು, ಗುಂಡಿಯಿಲ್ಲದೆ, ಗಾಜಿಲ್ಲದೆ, ಯಾರ ಬಗ್ಗೆ ಹೇಳಿದ್ದೋ ಅವಳ ಕಣ್ಣು ನೋಡಿಕೊಂಡು ಹೇಳಬೇಕಾಯಿತು. ಹೇಳಿದಳು. ಅಕ್ಕನ ಬೆರಳು ಚೀಲದ ಹಿಡಿಯ ಮೇಲೆ ನಿಂತುಹೋಯಿತು. ಅವಳ ಮುಖದಲ್ಲಿ ಏನೋ ಒಂದು ಎದ್ದು, ತಕ್ಷಣ ಅಡಗಿತು. ಕನ್ನಡಿಯ ಮುಂದೆ ಲೆಕ್ಕ ಹಾಕಿದವರಿಗೆ ಅದು ಏನೆಂದು ಗುರುತು ಸಿಗುತ್ತದೆ. ಇಂಥ ಮಾತನ್ನು ಈ ಹೆಂಗಸೂ ಒಂದು ದಿನ, ಬೇಕರಿಯಿಂದ ಬಂದು ಕಾಲು ಸೋತು ಕುಳಿತಾಗ, ಗೋಡೆಗೆ ಹೇಳಿರಬಹುದು. ಹೇಳಿದ್ದರೂ ಅವನನ್ನು ಬಿಟ್ಟುಹೋಗಿರಲಿಲ್ಲ. ಅಕ್ಕ ತಮ್ಮನ ಕಡೆ ತಿರುಗಿ, ತೋಳಿನ ಹಿಟ್ಟು ಒರೆಸಿಕೊಂಡು, ಒಂದೊಂದೇ ಪದ ಎತ್ತಿಡುವವಳಂತೆ ಹೇಳಿದಳು.

“ನೀನಿಲ್ಲದಿದ್ರೆ ನಿನ್ನ ಅಕ್ಕ ನೆಮ್ಮದಿಯಾಗಿರ್ತಿದ್ಲು. ಅಷ್ಟೇ ಅಂದಿದ್ದು. ನಾನು ಹಾಗಿರ್ತಿದ್ದೆನೋ ಇಲ್ವೋ, ನನ್ನನ್ನ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ, ಕೆಲವು ದಿನ ಹಾಗನ್ನಿಸಿದೆ ಕಣೋ. ಸಂಜೆ ನೀನು ಬರೋದು ತಡ ಆದ್ರೆ ಬಾಗಿಲಲ್ಲಿ ನಿಂತಿರ್ತೀನಲ್ಲ, ಅದೂ ಅಂಥ ದಿನಗಳಲ್ಲೇ.”

ಅವನು ಅಲುಗಾಡದೆ ಕೇಳಿಸಿಕೊಂಡ. ತಲೆಯನ್ನು ಒಂದು ಕಡೆಗೆ ವಾಲಿಸಿ, ಒಳಗಿನಿಂದ ಯಾರಾದರೂ ಏನಾದರೂ ಸೇರಿಸುತ್ತಾರೋ ಎಂದು ಕಾಯುವವನಂತೆ ನಿಂತ. ಆಮೇಲೆ ಬಹಳ ನಿಧಾನವಾಗಿ, ಅಕ್ಕ ಬಂದ ಮೇಲೆ ಮೊದಲ ಸಲ, ಅವಳ ಕಡೆಗೆ ಮುಖ ತಿರುಗಿಸಿದ. ಅದು ಬೆಳಗಿನ ನೋಟವಲ್ಲ, ಹೋದ ತಿಂಗಳ ನೋಟವೂ ಅಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬಳನ್ನು ನೋಡುವ ಹಾಗಿತ್ತು.

“ಮೇಡಂ,” ಎಂದ. “ಅಕ್ಕ ಈಗ ಹೇಳಿದ್ದು ನಿಮಗೂ ಕೇಳಿಸ್ತಾ?”

ಅವಳ ಕನ್ನಡಕ ಜಾರಿತ್ತು. ಮೇಲೆ ತಳ್ಳಿಕೊಳ್ಳಲಿಲ್ಲ.

“ಕೇಳಿಸ್ತು,” ಎಂದಳು. “ಪೂರ್ತಿ ಕೇಳಿಸ್ತು.”